ಕಾನೂನು ಮುರಿದರೆ ಗುಂಡು ಹಾರಿಸಬಹುದಾ? ವಿದುರಾಶ್ವತ್ಥದಿಂದ ಬರುವಾಗ ಶುರುವಾದ ಜಗಳ

ಪಿನಾಕಿನಿ_ದಡ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮನೆಯವರೆಲ್ಲ ಸೇರಿ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋಗುವಾಗ ಸಿಗುತ್ತದಲ್ಲ, ಅದೇ. ಹೋಗಿದ್ದು ನಾಗರಕಲ್ಲಿಗೆ ಹಾಲೆರೆಯಲು. ನಮ್ಮ ಅಕ್ಕನ ಹರಕೆ ಇತ್ತು. ಅಲ್ಲಿ ನಾಗರಕಲ್ಲು ಎಷ್ಟಿವೆ ಅಂದರೆ, ಎಣಿಸುವುದನ್ನು ಮಕ್ಕಳು ಅರ್ಧಕ್ಕೇ ಬಿಟ್ಟರು. ಹಳೇ ಅಶ್ವತ್ಥ ಮರ ಈಗ ಇಲ್ಲ, ಬಿದ್ದುಹೋಗಿ ಇಪ್ಪತ್ತು ವರ್ಷದ ಮೇಲಾಯಿತು.

ಪೂಜೆ ಮುಗಿಸಿ ಹುತಾತ್ಮರ ಸ್ಮಾರಕಕ್ಕೂ ಹೋದೆವು. 1938ರ ಏಪ್ರಿಲ್ 25, ಕಾಂಗ್ರೆಸ್ ಬಾವುಟ ಹಾರಿಸುವ ಧ್ವಜ ಸತ್ಯಾಗ್ರಹ, ಅದರ ಮೇಲೆ ಪೊಲೀಸರ ಗೋಲಿಬಾರ್. ಶಾಲೆಯಲ್ಲಿ ಒಂದು ಸಾಲು ಓದಿದ್ದೆ ಅಷ್ಟೇ, 'ಕರ್ನಾಟಕದ ಜಲಿಯನ್‌ವಾಲಾಬಾಗ್' ಅಂತ.

ವಾಪಸ್ ಬರುವಾಗ ಕಾರಿನಲ್ಲಿ ಜಗಳ ಶುರುವಾಯಿತು. ನಮ್ಮ ಭಾವ ಹೇಳಿದ್ದು ಇಷ್ಟು: "ಸತ್ತಿದ್ದು ಬೇಜಾರೇ, ಆದ್ರೆ ಸಭೆ ಮಾಡಬೇಡಿ ಅಂತ ನಿಷೇಧಾಜ್ಞೆ ಇತ್ತು ತಾನೇ? ಗೊತ್ತಿದ್ದೂ ಮುರಿದರು. ಪೊಲೀಸ್ ಇನ್ನೇನು ಮಾಡ್ಬೇಕಿತ್ತು, ಹಾರ ಹಾಕ್ಬೇಕಿತ್ತಾ?" ನನಗೆ ಮೈಯೆಲ್ಲ ಉರಿಯಿತು. ಉರಿಯಿತೇ ಹೊರತು ಬಾಯಲ್ಲಿ ಉತ್ತರ ಬರಲಿಲ್ಲ. ಯಾಕಂದ್ರೆ ಸತ್ಯಾಗ್ರಹ ಅಂದರೇನೇ ಗೊತ್ತಿದ್ದು ಕಾನೂನು ಮುರಿಯುವುದು ಅಲ್ವಾ? ಮುರಿದವನು ಶಿಕ್ಷೆಗೂ ರೆಡಿ ಇರಬೇಕು. ಹಾಗಾದರೆ ಆ ಶಿಕ್ಷೆಯಲ್ಲಿ ಗುಂಡೂ ಸೇರುತ್ತಾ? ಕಾನೂನು ಗೊತ್ತಿರುವವರು, ಇಲಾಖೆಯಲ್ಲಿ ಇದ್ದವರು ಸ್ವಲ್ಪ ಬಿಡಿಸಿ ಹೇಳಿ. ದಯವಿಟ್ಟು ಪಾರ್ಟಿ ಜಗಳ ಬೇಡ.

ಕೋರ್ಟ್_ಹಾಲ್_3

ನಿಮ್ಮ ಭಾವನವರಿಗೆ ಒಂದೇ ಮಾತು ಹೇಳಿ: ಶಿಕ್ಷೆ ಕೊಡುವುದು ಕೋರ್ಟು, ಪೊಲೀಸ್ ಅಲ್ಲ. ನಿಷೇಧಾಜ್ಞೆ ಮುರಿದರೆ ಹಿಡಿಯಬಹುದು, ವ್ಯಾನಿಗೆ ಹತ್ತಿಸಬಹುದು, ಕೇಸ್ ಹಾಕಬಹುದು. ಅದಕ್ಕೆ ಕಾನೂನಿನಲ್ಲಿ ಇರುವುದು ಕೆಲವು ತಿಂಗಳ ಜೈಲು ಇಲ್ಲವೇ ದಂಡ. ಇಷ್ಟು ಚಿಕ್ಕ ಶಿಕ್ಷೆಯ ತಪ್ಪಿಗೆ ಸ್ಥಳದಲ್ಲೇ ಪ್ರಾಣ ತೆಗೆಯಬಹುದು ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ.

ಈಗಿನ ಕಾನೂನು ನೋಡೋಣ. ನಿಷೇಧಾಜ್ಞೆ ಹೊರಡಿಸುವ ಸಿಆರ್‌ಪಿಸಿಯ ಹಳೇ ಸೆಕ್ಷನ್ 144 ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಗುಂಪು ಚದುರಿಸುವ ಹಳೇ 129 ಈಗ 148. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ, ಒಳಗಿರುವುದು ಹೆಚ್ಚು ಕಡಿಮೆ ಅದೇ. 148ರ ಪ್ರಕಾರ ಮೊದಲು ಅದು ಅಕ್ರಮ ಕೂಟವಾಗಿರಬೇಕು, ಇಲ್ಲವೇ ಐದು ಜನಕ್ಕಿಂತ ಕಡಿಮೆ ಇಲ್ಲದ, ಶಾಂತಿ ಕದಡುವಂಥ ಗುಂಪಾಗಿರಬೇಕು. ಆಮೇಲೆ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಲ್ಲದ ಒಬ್ಬ ಅಧಿಕಾರಿ 'ಚದುರಿ' ಅಂತ ಆದೇಶ ಕೊಡಬೇಕು. ಚದುರದಿದ್ದರೆ ಅಥವಾ ಚದುರುವುದಿಲ್ಲ ಅಂತ ನಡವಳಿಕೆಯಲ್ಲೇ ಕಂಡರೆ ಬಲ ಬಳಸಬಹುದು. ಅಲ್ಲಿರುವ ಪದ 'ಬಲ'. ಕೈ ಹಿಡಿದು ಎಬ್ಬಿಸುವುದೂ ಬಲವೇ, ನೀರು ಹಾರಿಸುವುದೂ ಬಲವೇ. ಬಲ ಅಂದ ತಕ್ಷಣ ಬಂದೂಕು ಅಂತ ಓದಿಕೊಳ್ಳುವುದು ನಮ್ಮ ದುರಭ್ಯಾಸ.

ಇಲ್ಲೊಂದು ತಮಾಷೆ ಇದೆ. 'ಆದಷ್ಟು ಕಡಿಮೆ ಬಲ, ಆದಷ್ಟು ಕಡಿಮೆ ಹಾನಿ' ಎಂಬ ಮಾತು ಆ ಕಾನೂನಿನಲ್ಲಿ ಬರುವುದು ಪೊಲೀಸರ ಸೆಕ್ಷನ್ನಿನಲ್ಲಲ್ಲ, ಅದರ ಪಕ್ಕದ 149ರಲ್ಲಿ. ಅಂದರೆ ಸೈನ್ಯ ಕರೆಸಿದಾಗಿನ ಸೆಕ್ಷನ್ನು. ಪೊಲೀಸರಿಗೂ ಅದೇ ಅಳತೆ ಅಂತ ಕೋರ್ಟುಗಳು ಹೇಳುತ್ತಾ ಬಂದಿವೆ, ನಿಜ. ಆದರೆ ಪೊಲೀಸರ ಸೆಕ್ಷನ್ನಿನಲ್ಲೇ ಅದನ್ನು ಒಂದು ಸಾಲು ಬರೆಯಲು ಯಾರಿಗೂ ಕೈ ಬಂದಿಲ್ಲ. ಹೊಸ ಸಂಹಿತೆ ಮಾಡಿದಾಗಲೂ ಬರೆಯಲಿಲ್ಲ.

ಇನ್ನು ಪ್ರಾಣ ತೆಗೆಯುವ ಮಟ್ಟದ ಬಲ. ಅದಕ್ಕೆ ದಾರಿ ಬಹಳ ಕಿರಿದು. ಸಾವು ಅಥವಾ ಭಾರೀ ಗಾಯ ಆಗಿಯೇ ಬಿಡುತ್ತದೆ ಎಂಬ ನಿಜವಾದ ಭಯ ಇದ್ದಾಗ, ಆತ್ಮರಕ್ಷಣೆಗೆ. ಆಸ್ತಿಯ ವಿಷಯಕ್ಕೆ ಬಂದರೆ ದರೋಡೆ, ರಾತ್ರಿ ಮನೆಗೆ ಕನ್ನ, ಜನ ವಾಸಿಸುವ ಕಟ್ಟಡಕ್ಕೆ ಬೆಂಕಿ ಈ ಥರದ್ದಕ್ಕೆ ಮಾತ್ರ. ಸುಮ್ನೆ ಬಸ್ಸಿನ ಗಾಜು ಒಡೆದ ಅಂತ ಆ ಹಕ್ಕು ಬರುವುದಿಲ್ಲ. ಹಿಡಿಯಲು ಹೋದಾಗ ಓಡಿದವನ ವಿಷಯದಲ್ಲೂ ಅಷ್ಟೇ. ಅವನ ಮೇಲಿನ ಆರೋಪ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯದ್ದಲ್ಲದಿದ್ದರೆ, ಬಂಧಿಸುವ ನೆಪದಲ್ಲಿ ಅವನನ್ನು ಕೊಲ್ಲುವಂತಿಲ್ಲ. ನೆಲದ ಮೇಲೆ ಕೂತು ಭಜನೆ ಮಾಡುವವನು, ಬಾವುಟ ಹಿಡಿದು ನಿಂತವನು ಇದರಲ್ಲಿ ಎಲ್ಲಿ ಬರುತ್ತಾನೆ ಹೇಳಿ.

ನಿವೃತ್ತ_ತ್ರೀನಾಟ್ತ್ರೀ

ಮೇಲಿನವರು ಪುಸ್ತಕದಲ್ಲಿರುವುದನ್ನು ಸರಿಯಾಗಿ ಹೇಳಿದ್ದಾರೆ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಮೀಸಲು ಪಡೆಯಲ್ಲಿದ್ದವನು. ಪುಸ್ತಕದ ಆಚೆ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಒಂದು ಊರು, ಹೆಸರು ಬೇಡ. ಬಸ್ ಸ್ಟ್ಯಾಂಡ್ ಮುಂದೆ ಗಲಾಟೆ. ನಾವು ಒಂದು ಪ್ಲಟೂನ್ ಕೂಡ ಪೂರ್ತಿ ಇರಲಿಲ್ಲ. ಎದುರಿಗೆ ಸಾವಿರ ಜನವೋ, ಮೂರು ಸಾವಿರವೋ. ಆ ಹೊತ್ತಿನಲ್ಲಿ ಯಾರಿಗೂ ಲೆಕ್ಕ ಸಿಗುವುದಿಲ್ಲ, ಎಲ್ಲ ಗುಂಪೂ ಹತ್ತು ಸಾವಿರದ ಥರ ಕಾಣುತ್ತದೆ. ಬೆಳಿಗ್ಗೆ ಐದಕ್ಕೆ ತಿಂದ ಚಿತ್ರಾನ್ನ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ. ನನ್ನ ಪಕ್ಕದವನ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿತ್ತು, ಅವನು ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಿದಿರಿನ ಗುರಾಣಿ ಹಿಡಿದಿದ್ದ. ಕಲ್ಲು ಬಂದು ಅವನ ಬೆರಳಿಗೇ ಬಿತ್ತು. ನನ್ನ ಕೈಯಲ್ಲಿ ರೈಫಲ್. ಅಂಗೈ ಬೆವರಿಗೆ ಮರದ ಭಾಗ ಜಾರುತ್ತಿತ್ತು. ಹಿಂದಿನಿಂದ ಯಾರೋ "ಹೊಡೀರಿ ಸಾರ್, ಹೊಡೀರಿ" ಅಂತ ಕೂಗುತ್ತಿದ್ದರು. ಕೂಗಿದವನು ಪೊಲೀಸ್ ಅಲ್ಲ, ಅಂಗಡಿಯವನು.

ನಮ್ಮ ಅಧಿಕಾರಿ ಹೊಡೆಯಲು ಹೇಳಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ, ನಮ್ಮನ್ನು ಮೂವತ್ತು ಹೆಜ್ಜೆ ಹಿಂದಕ್ಕೆ ಕರೆದುಕೊಂಡರು. ಅಷ್ಟೇ. ಕಲ್ಲು ಮುಟ್ಟದಷ್ಟು ದೂರ. ಹತ್ತು ನಿಮಿಷದಲ್ಲಿ ಮುಂದಿನ ಸಾಲಿನ ಹುಡುಗರಿಗೆ ಬೇಜಾರಾಯಿತು, ಜನ ಕರಗಿದರು. ಮಾರನೇ ದಿನ ಊರಲ್ಲಿ 'ಪೊಲೀಸರು ಹೆದರಿ ಓಡಿದರು' ಅಂತ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಆ ಸಂಜೆ ನನ್ನ ರೈಫಲ್ ವಾಪಸ್ ಕೊಡುವಾಗ ಗುಂಡುಗಳೆಲ್ಲ ಲೆಕ್ಕಕ್ಕೆ ಸಿಕ್ಕವು, ಒಂದೂ ಖಾಲಿಯಾಗಿರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಟಿವಿಯವರು 'ಗಾಳಿಯಲ್ಲಿ ಗುಂಡು' ಅಂತ ಹೇಳುತ್ತಾರಲ್ಲ, ಅದು ಒಳ್ಳೆಯ ಕೆಲಸ ಅಂತ ಜನ ತಿಳಿದಿದ್ದಾರೆ. ನಮಗೆ ಕಲಿಸಿದ್ದೇ ಬೇರೆ. ತಲೆಯ ಮೇಲೆ ಹಾರಿಸಬೇಡ, ಆ ಗುಂಡು ಎಲ್ಲೋ ಮಹಡಿ ಮೇಲೆ ಬಟ್ಟೆ ಒಣಗಿಸುವವಳಿಗೆ ಬೀಳುತ್ತೆ. ಹಾರಿಸಲೇಬೇಕಾದರೆ ಕೆಳಕ್ಕೆ, ಸೊಂಟದಿಂದ ಕೆಳಗೆ, ಮುಂದೆ ನಿಂತು ಅಪಾಯ ಮಾಡುತ್ತಿರುವವನ ಕಡೆಗೆ. ಎಣಿಸಿ ಒಂದೋ ಎರಡೋ. ಗುಂಪು ಹಿಂದಕ್ಕೆ ತಿರುಗಿದ ಕ್ಷಣ ನಿಲ್ಲಿಸಬೇಕು. ಹಾಗಾಗಿ ಎಲ್ಲೇ ಗೋಲಿಬಾರ್ ಆದರೂ ನಾನು ಮೊದಲು ನೋಡುವುದು ಗಾಯ ದೇಹದ ಯಾವ ಭಾಗದಲ್ಲಿ ಅಂತ. ಎದೆಗೋ ತಲೆಗೋ ಬಿದ್ದಿದೆ ಅಂದರೆ, ಬೆನ್ನಿಗೆ ಬಿದ್ದಿದೆ ಅಂದರೆ, ಮಿಕ್ಕ ವಿವರಣೆ ನಾನು ಜಾಸ್ತಿ ಕೇಳುವುದಿಲ್ಲ.

ಬಂಡಾಯದ_ನೆಲ

ನಿವೃತ್ತರ ಮಾತಿಗೆ ಶರಣು. ಆದರೆ ಎಲ್ಲ ಕಡೆ ಅಂಥ ಅಧಿಕಾರಿ ಇರುವುದಿಲ್ಲ ನೋಡ್ರಿ.

ನಾನು ನರಗುಂದದ ಕಡೆಯವನು. 1980ರ ಜುಲೈ 21 ಅಂದರೆ ನಮ್ಮಲ್ಲಿ ಇವತ್ತಿಗೂ ಹುತಾತ್ಮ ದಿನ. ಮಲಪ್ರಭಾ ಕಾಲುವೆ ಬಂತು, ನೀರು ಸರಿಯಾಗಿ ಬರಲಿಲ್ಲ, ಆದರೆ 'ನಿಮ್ಮ ಹೊಲದ ಬೆಲೆ ಏರಿದೆ' ಅಂತ ಬೆಟರ್ಮೆಂಟ್ ಲೆವಿ ಮಾತ್ರ ಬಂತು. ನೀರೇ ಹರಿಯದ ಹೊಲಕ್ಕೂ ನೋಟಿಸ್. ರೈತರು ಕರ ಕೊಡುವುದಿಲ್ಲ ಎಂದರು. ಅದು ಪಕ್ಕಾ ಅಸಹಕಾರ. ಅರ್ಜಿ, ಧರಣಿ, ಕರನಿರಾಕರಣೆ ಎಲ್ಲ ಆಗಿ, ಕೊನೆಗೆ ಆ ದಿನ ತಹಶೀಲ್ದಾರ್ ಕಚೇರಿ ಬಂದ್ ಮಾಡಲು ಜನ ಸೇರಿದರು. ನರಗುಂದದಲ್ಲೂ ನವಲಗುಂದದಲ್ಲೂ ಗುಂಡು ಹಾರಿತು, ರೈತರು ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅದನ್ನು ಮುಚ್ಚಿಡಬಾರದು. ನಮ್ಮ ಅಪ್ಪ ಹುತಾತ್ಮ ರೈತರ ಮಾತು ಬಂದಾಗೆಲ್ಲ ಆ ಪೊಲೀಸರ ಮಾತನ್ನೂ ಆಡುತ್ತಿದ್ದರು. "ಅವರೂ ಯಾವುದೋ ಹೊಲದಿಂದ ಬಂದ ಹುಡುಗರೇ" ಅಂತ.

ಗುಂಡು ಹಾರಿಸಿ ಸರ್ಕಾರಕ್ಕೆ ಸಿಕ್ಕಿದ್ದೇನು? ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು, ಅದೇ ವರ್ಷ ರೈತ ಸಂಘ ಹುಟ್ಟಿತು, 1983ರಲ್ಲಿ ಗುಂಡೂರಾವ್ ಸರ್ಕಾರವೇ ಹೋಯಿತು. ಸೋಲಿಗೆ ಬೇರೆ ಕಾರಣವೂ ಇದ್ದವು, ಆದರೆ ನಮ್ಮ ಕಡೆ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ನರಗುಂದ. ಆಮೇಲೆ 2008ರ ಜೂನ್ 10, ಹಾವೇರಿ. ಮುಂಗಾರು ಶುರುವಾಗಿದೆ, ಗೊಬ್ಬರ ಇಲ್ಲ, ಜನ ಸಾಲು ನಿಂತು ನಿಂತು ಕೆರಳಿದರು. ಇಬ್ಬರು ಹೋದರು. ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡ ಸರ್ಕಾರಕ್ಕೆ ಆಗ ಎರಡು ವಾರ ಕೂಡ ಆಗಿರಲಿಲ್ಲ. ಗೊಬ್ಬರ ಕೇಳಲು ಬಂದವನು ಗುಂಡು ತಿಂದು ಹೋದ.

ಪಿನಾಕಿನಿ_ದಡ ಅವರೇ, ನಿಮ್ಮ ಭಾವನವರಿಗೆ ಇದನ್ನೂ ಕೇಳಿ: ಕರ ಕೊಡದವನ ಎಮ್ಮೆ ಜಪ್ತಿ ಮಾಡಬಹುದು, ಹೊಲ ಹರಾಜು ಹಾಕಬಹುದು. ಅವನನ್ನು ಸಾಯಿಸಿದರೆ ಕರ ವಸೂಲಾಗುತ್ತದಾ?

ಶರಾವತಿ_ಶ್ಯಾನುಭೋಗ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಸ್ವಲ್ಪ ಈ ಕಡೆ ಎಳೆಯುತ್ತೇನೆ. 'ಜನ ಸೇರಿದರು' ಅಂದ ಮಾತ್ರಕ್ಕೆ ಅದು ಸತ್ಯಾಗ್ರಹ ಆಗುವುದಿಲ್ಲ. ಆ ವ್ಯತ್ಯಾಸ ಗಾಂಧಿಯವರಿಗೇ ಗೊತ್ತಿತ್ತು. 1922ರಲ್ಲಿ ಚೌರಿ ಚೌರಾದಲ್ಲಿ ಠಾಣೆಗೆ ಬೆಂಕಿ ಇಟ್ಟು ಪೊಲೀಸರನ್ನು ಸುಟ್ಟಾಗ ಅವರು ಇಡೀ ದೇಶದ ಚಳವಳಿಯನ್ನೇ ನಿಲ್ಲಿಸಿದರು. ಅಲ್ಲಿ ಪೊಲೀಸರೂ ಮೊದಲು ಗುಂಡು ಹಾರಿಸಿದ್ದರು, ಆದರೂ ನಿಲ್ಲಿಸಿದರು.

ನಮ್ಮ ಶಿಕಾರಿಪುರದ ಈಸೂರು ನೋಡಿ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅಂತ ಹೆಮ್ಮೆಯಿಂದ ಹೇಳುತ್ತೇವೆ. 1942ರಲ್ಲಿ ಆ ಹಳ್ಳಿ ತನ್ನದೇ ಸರ್ಕಾರ ಮಾಡಿಕೊಂಡಿತು. ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಅಂತ ಕೂರಿಸಿದರು. ಅಲ್ಲಿಯವರೆಗೆ ಅದು ಚಂದದ ಅಸಹಕಾರ, ಸ್ವಲ್ಪ ಆಟದ ಥರ ಕೂಡ. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರ, ನಿಜವಾದ ಇನ್‌ಸ್ಪೆಕ್ಟರ್ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಜನ, ಇಲ್ಲ ಅಂತ ಅವರು. ಅದು ಜಗಳಕ್ಕೆ ತಿರುಗಿ ಇಬ್ಬರು ಅಧಿಕಾರಿಗಳೂ ಸತ್ತರು. ಆಮೇಲೆ ಊರಿನ ಮೇಲೆ ಸೇಡು ತೀರಿಸಿಕೊಂಡರು, 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಆ ಐವರ ಬಗ್ಗೆ ನನಗೂ ಗೌರವ ಇದೆ. ಆದರೆ ಅಲ್ಲಿ ನಿಂತಿದ್ದ ಪೊಲೀಸಿನವನಿಗೆ ಪ್ರಾಣಭಯ ಇರಲಿಲ್ಲ ಅಂತ ನಾನು ಹೇಳಲಾರೆ.

ಇನ್ನೊಂದು ಕಡೆ ಅಂಕೋಲಾ, ಸಿದ್ದಾಪುರ. 1930ರಲ್ಲಿ ಅಂಕೋಲಾದಲ್ಲಿ ಉಪ್ಪು ಮಾಡಿದರು, ಆಮೇಲೆ ಆ ಸೀಮೆಯಲ್ಲಿ ಕರ ಕೊಡುವುದಿಲ್ಲ ಅಂತ ಕೂತರು. ಸರ್ಕಾರ ಜಮೀನು ಕಿತ್ತುಕೊಂಡಿತು, ಪಾತ್ರೆ ಪಗಡೆ ಹೊತ್ತೊಯ್ದಿತು, ಜೈಲಿಗೆ ಹಾಕಿತು. ಜನ ಕೈ ಎತ್ತಲಿಲ್ಲ. ಮನೆ ಬಿಟ್ಟು ಗುಡಿಸಲಿನಲ್ಲಿ ಕೂತರು. ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಆ ಜಮೀನುಗಳು ವಾಪಸ್ ಬಂದವು. ಪಿನಾಕಿನಿ ಸರ್ ಕೇಳಿದ 'ಶಿಕ್ಷೆಗೆ ರೆಡಿ ಇರಬೇಕು' ಅಂದರೆ ಇದು. ಹಾಗಾಗಿ ನನ್ನ ಪ್ರಶ್ನೆ, ವಿದುರಾಶ್ವತ್ಥ ಯಾವ ಸಾಲಿಗೆ ಸೇರುತ್ತೆ? ಅಲ್ಲೂ ಕಲ್ಲು ಬಿತ್ತು ಅಂತ ಪೊಲೀಸರ ಕಡೆಯ ಮಾತು ಇದೆಯಲ್ಲ?

ಕೋರ್ಟ್_ಹಾಲ್_3

ಶ್ಯಾನುಭೋಗರೇ, ಕಲ್ಲು ಬಿದ್ದೇ ಇತ್ತು ಅಂತ ಇಟ್ಟುಕೊಳ್ಳಿ, ವಾದಕ್ಕೆ. ಕಲ್ಲು ಎಸೆದವರು ಎಷ್ಟು ಜನ? ಅದು ಜಾತ್ರೆಯ ಸಮಯ. ದೇವರಿಗೆ ಬಂದವರು, ಮಕ್ಕಳು ಮರಿ, ಬಳೆ ಅಂಗಡಿಯವರು, ಭಾಷಣ ಕೇಳಲು ಬಂದವರು ಎಲ್ಲ ಒಂದೇ ಕಡೆ ಸೇರಿ ಸಾವಿರಾರು ಜನ. ಕಲ್ಲು ಎಸೆದವನ ತಪ್ಪು ಪಕ್ಕದಲ್ಲಿ ಪುರಿ ಕಟ್ಟಿಸಿಕೊಳ್ಳುತ್ತಿದ್ದವನ ತಲೆಗೆ ಅಂಟುವುದಿಲ್ಲ. ಗುಂಪು ಎಂಬುದು ಒಬ್ಬ ಮನುಷ್ಯ ಅಲ್ಲ. ಕಾನೂನು ಹುಡುಕಬೇಕಾದ್ದು ಪ್ರಾಣಾಪಾಯ ತರುತ್ತಿರುವ ಆ ಒಬ್ಬನನ್ನು.

ಇದೇ ವಿಷಯಕ್ಕೆ 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಕೆಲವು ತತ್ವಗಳನ್ನು ಒಪ್ಪಿತು. ಅದರಲ್ಲಿ ನನಗೆ ಇಷ್ಟವಾದದ್ದು, 'ಅಕ್ರಮ, ಆದರೆ ಹಿಂಸೆ ಇಲ್ಲದ ಸಭೆ' ಅಂತಲೇ ಒಂದು ಬೇರೆ ಖಾನೆ ಇಟ್ಟಿದ್ದಾರೆ. ಅಂಥ ಸಭೆಗೆ ಬಲವೇ ಬೇಡ, ಬೇಕೇ ಬೇಕಾದರೆ ಕನಿಷ್ಠ. ಹಿಂಸೆಗಿಳಿದ ಗುಂಪಿಗೂ ಬೇರೆ ದಾರಿ ಕೆಲಸ ಮಾಡದಿದ್ದಾಗ ಮಾತ್ರ ಬಂದೂಕು, ಅದೂ ಜೀವಕ್ಕೆ ಅಪಾಯ ಇದ್ದಾಗ. ಅದು ನಮ್ಮ ಕೋರ್ಟಿನಲ್ಲಿ ಸೆಕ್ಷನ್ ಥರ ಜಾರಿ ಮಾಡಿಸುವಂಥದ್ದಲ್ಲ. ಆದರೆ ನಿಮ್ಮ ಭಾವನವರ ಪ್ರಶ್ನೆಗೆ ನೇರ ಉತ್ತರ ಅಲ್ಲಿದೆ: ಅಕ್ರಮ ಬೇರೆ, ಹಿಂಸೆ ಬೇರೆ. ನಮ್ಮ ಪೇಪರು, ಟಿವಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ, ಅಲ್ಲೇ ಎಡವಟ್ಟಾಗುವುದು.

ನಮ್ಮ ಸುಪ್ರೀಂ ಕೋರ್ಟೂ ಇದರ ಹತ್ತಿರ ಬಂದಿದೆ. 2011ರ ಜೂನ್‌ನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ನಡುರಾತ್ರಿ, ಮಲಗಿದ್ದ ಜನರನ್ನು ಎಬ್ಬಿಸಿ ಓಡಿಸಿದ್ದರಲ್ಲ, ಅಲ್ಲಿ ಗುಂಡು ಹಾರಿರಲಿಲ್ಲ. ಆದರೂ 2012ರ ತೀರ್ಪಿನಲ್ಲಿ ಪೊಲೀಸರಿಗೆ ಛೀಮಾರಿ ಬಿತ್ತು. ಮಲಗಿರುವವನಿಂದ ಶಾಂತಿಗೆ ಏನು ಭಂಗ? ಕಾರ್ಯಕ್ರಮ ಮಾಡಿದವರಿಗೂ ಒಂದು ಪಾಲು ತಪ್ಪು ಹಾಕಿ ಪರಿಹಾರದಲ್ಲಿ ಕಾಲು ಭಾಗ ಅವರ ತಲೆಗೆ ಕಟ್ಟಿದರು.

ಆದರೆ ಒಂದು ಕಹಿ ಸತ್ಯ. ಗುಂಡು ಹಾರಿಸಿದ್ದು ತಪ್ಪು ಅಂತ ಗೊತ್ತಾದ ಮೇಲೂ ಕೇಸ್ ನಡೆಸಲು ಸರ್ಕಾರದ ಅನುಮತಿ ಬೇಕು. ಹಳೇ 132, ಈಗ 151. ಯಾರ ಪರವಾಗಿ ಗುಂಡು ಹಾರಿತೋ ಅವರ ಹತ್ತಿರವೇ ಹೋಗಿ ಅನುಮತಿ ಕೇಳಬೇಕು. ತಮಿಳುನಾಡಿನ ತೂತ್ತುಕುಡಿಯಲ್ಲಿ 2018ರ ಮೇ 22ರಂದು ತಾಮ್ರದ ಕಾರ್ಖಾನೆ ಬೇಡ ಅಂತ ಹೊರಟ ಜನರ ಮೇಲೆ ಗುಂಡು ಹಾರಿ 13 ಜನ ಸತ್ತರು. ವಿಚಾರಣಾ ಆಯೋಗ ಪೊಲೀಸರದ್ದು ತಪ್ಪು ಅಂತ ಬರೆಯಿತು. ವರದಿ ಬರುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು.

ಪಿನಾಕಿನಿ_ದಡ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ನಿರೀಕ್ಷೆ ಮಾಡಿರಲಿಲ್ಲ. ನಿನ್ನೆ ರಾತ್ರಿ ಕೂತು ವಿದುರಾಶ್ವತ್ಥದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ತಲೆಗೆ ಹೊಡೆದಿದ್ದು ತಾರೀಖು. ಏಪ್ರಿಲ್ ಎರಡನೇ ವಾರ ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಹಾರಿಸಿದರು, ನಾಯಕರನ್ನು ಹಿಡಿದರು, ಅಲ್ಲಿ ಗುಂಡು ಹಾರಲಿಲ್ಲ. ಏಪ್ರಿಲ್ 25ಕ್ಕೆ ಇಲ್ಲಿ ಗುಂಡು. ಸತ್ತವರು ಹತ್ತು ಅಂತ ಸರ್ಕಾರದ ಲೆಕ್ಕ, ಮೂವತ್ತು ದಾಟಿದರು ಅಂತ ಜನರ ಲೆಕ್ಕ. ಆಮೇಲೆ ಮೇ ತಿಂಗಳಲ್ಲೇ ವಲ್ಲಭಭಾಯಿ ಪಟೇಲರು, ಕೃಪಲಾನಿಯವರು ಬಂದು ಮೈಸೂರು ಸಂಸ್ಥಾನದ ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು!

ಅಂದರೆ ಒಂದು ತಿಂಗಳಲ್ಲಿ ಪತ್ರ ಬರೆದು ಕೊಡಬಹುದಾಗಿದ್ದ ವಿಷಯಕ್ಕೆ ಅಷ್ಟು ಜನ ಸತ್ತರು. ಇದನ್ನು ಭಾವನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ದಿನ ಅಲ್ಲಿ ನಿಂತಿದ್ದ ಪೇದೆಗೆ ಮುಂದಿನ ತಿಂಗಳು ಒಪ್ಪಂದ ಆಗುತ್ತೆ ಅಂತ ಗೊತ್ತಿತ್ತಾ?" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ನಿವೃತ್ತ ಸರ್, ನೀವೇ ಹೇಳಿ. ಗುಂಡು ಹಾರಿಸು ಅಂದಾಗ ಆಗಲ್ಲ ಅನ್ನಬಹುದಾ?

ನಿವೃತ್ತ_ತ್ರೀನಾಟ್ತ್ರೀ

ಅನ್ನಬಹುದು. ಬೆಲೆ ಇದೆ ಅಷ್ಟೇ.

1930ರ ಏಪ್ರಿಲ್‌ನಲ್ಲಿ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ 'ಗಡಿನಾಡ ಗಾಂಧಿ' ಖಾನ್ ಅಬ್ದುಲ್ ಗಫಾರ್ ಖಾನರ ಜನರ ಮೇಲೆ ಗುಂಡು ಸುರಿಸಿದರು, ಬಹಳ ಜನ ಸತ್ತರು. ಆ ಗಲಾಟೆಯಲ್ಲೇ ಗಢವಾಲ್ ರೈಫಲ್ಸ್‌ನ ಸಿಪಾಯಿಗಳು, ಮುಂದೆ ಚಂದ್ರಸಿಂಗ್ ಗಢವಾಲಿ, ಬರಿಗೈಯಲ್ಲಿರುವ ಜನರ ಮೇಲೆ ಹಾರಿಸುವುದಿಲ್ಲ ಅಂದರು. ಕೋರ್ಟ್ ಮಾರ್ಷಲ್ ಆಯಿತು. ಚಂದ್ರಸಿಂಗ್‌ಗೆ ಜೀವಾವಧಿ, ಹನ್ನೊಂದು ವರ್ಷ ಒಳಗಿದ್ದರು. ನೋಡಿ, ಕಾನೂನು ಮುರಿದು ಶಿಕ್ಷೆಗೆ ರೆಡಿ ಇರುವವನು ಗುಂಪಿನಲ್ಲೇ ಇರಬೇಕು ಅಂತೇನಿಲ್ಲ, ಬಂದೂಕಿನ ಹಿಂದೆಯೂ ಇರಬಹುದು.

ನನ್ನ ವಿಷಯಕ್ಕೆ ಬಂದರೆ, ಅಂಥ ಪರೀಕ್ಷೆ ನನಗೆ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆ ಬಸ್ ಸ್ಟ್ಯಾಂಡಿನಲ್ಲಿ ಅಧಿಕಾರಿ 'ಹಿಂದೆ' ಅಂದರು, ಹಿಂದೆ ಬಂದೆ. 'ಫೈರ್' ಅಂದಿದ್ದರೆ ಬೆರಳು ತಾನಾಗೇ ಎಳೆಯುತ್ತಿತ್ತೇನೋ, ತರಬೇತಿ ಇರುವುದೇ ಅದಕ್ಕೆ. ಅದಕ್ಕೇ ನಾನು ಪೇದೆಯನ್ನು ಬೈಯುವುದಕ್ಕಿಂತ ಆದೇಶ ಕೊಟ್ಟವರ ಹೆಸರು ಕೇಳುತ್ತೇನೆ. ಕಾಗದದಲ್ಲಿ ಯಾರ ಸಹಿ ಇದೆ, ಎಷ್ಟು ಹೊತ್ತಿಗೆ ಎಚ್ಚರಿಕೆ ಕೊಟ್ಟರು, ಮೈಕ್ ಕೆಲಸ ಮಾಡುತ್ತಿತ್ತಾ ಇಲ್ವಾ. ನಿಮ್ಮ ಭಾವನವರಿಗೆ ನನ್ನ ನಮಸ್ಕಾರ ಹೇಳಿ, ಅವರ ಕೊನೆಯ ಪ್ರಶ್ನೆ ಒಳ್ಳೆಯದಿತ್ತು.

ಬಂಡಾಯದ_ನೆಲ

ಮೈಕ್ ಮಾತು ಸರಿಯಾಗಿ ಹೇಳಿದಿರಿ ಸಾಹೇಬ್ರ. ಅಷ್ಟು ಗದ್ದಲದಲ್ಲಿ ಹಿಂದಿನ ಸಾಲಿನವನಿಗೆ 'ಚದುರಿ' ಅಂದದ್ದು ಹೇಗೆ ಕೇಳಬೇಕು? ಕೇಳಿಸದ ಆದೇಶಕ್ಕೆ ಅವಿಧೇಯತೆ ಎಲ್ಲಿಂದ ಬಂತು?

ಪಿನಾಕಿನಿ_ದಡ

ಭಾವನಿಗೆ ಈ ಪುಟವನ್ನೇ ಕಳಿಸಿದ್ದೇನೆ, ಎರಡು ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ. ಏಪ್ರಿಲ್ 25ಕ್ಕೆ ಮತ್ತೆ ಹೋಗೋಣ ಅಂತ ಅಕ್ಕ ಹೇಳುತ್ತಿದ್ದಾಳೆ. ಈ ಕಡೆಯಿಂದ ಬರುವವರು ಯಾರಾದರೂ ಇದ್ದರೆ ಹೇಳಿ, ಬೆಳಿಗ್ಗೆ ಎಂಟರೊಳಗೆ ಅಲ್ಲಿರಬೇಕು, ಆಮೇಲೆ ಬಿಸಿಲಿಗೆ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ.